ಹೊಗೆಗೂಡನ್ನೇರಿದ ಬಾಲಕರು: 1788ರಿಂದ 1875ರ ವರೆಗಿನ ಆಂಗ್ಲ ಕಾಯಿದೆಗಳ ವಿಮರ್ಶೆ

ಇಂಗ್ಲಿಷ್ ಕಾವ್ಯವನ್ನು ವ್ಯಾಸಂಗಮಾಡುವವರಿಗೆ ವಿಲಿಯಂ ಬ್ಲೇಕ್ ಕವಿಯು ಹೊಗೆಗೂಡು ಗುಡಿಸುವ ಬಾಲಕನನ್ನು ಕುರಿತು ಬರೆದ ಎರಡು ಕವನಗಳು ಪರಿಚಿತವಾಗಿಯೇ ಇವೆ. ಮೊದಲನೆಯದು 1789ರಲ್ಲಿಯೂ ಎರಡನೆಯದು 1794ರಲ್ಲಿಯೂ ಪ್ರಕಟವಾದುವು. ಇವನ್ನು ಪಾಠಹೇಳುವ ಅಧ್ಯಾಪಕನಿಗೆ ಒಂದು ಪ್ರಶ್ನೆಯು ಅವಶ್ಯವಾಗಿ ಎದುರಾಗುತ್ತದೆ. ಮಸಿಯನ್ನು ತೆಗೆಯುವ ಕೆಲಸಕ್ಕೆ ಬಾಲಕನೇ ಏಕೆ ಬೇಕಾಗಿದ್ದನು? ಅದಕ್ಕೆ ಬೇರೆ ಉಪಾಯವೇ ಇರಲಿಲ್ಲವೆ? ಉಪಾಯವಿದ್ದಿತು, ಕಾಯಿದೆಗಳೂ ಇದ್ದುವು, ಆದರೂ ಬಾಲಕನು ಗೂಡಿನಿಂದ ಹೊರಕ್ಕೆ ಬರುವುದಕ್ಕೆ 87 ವರ್ಷಗಳು ಹಿಡಿದುವು. ಇದಕ್ಕೆ ಕಾರಣವೇನೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಶಬ್ದಗಳನ್ನು ನೋಡೋಣ. ಹೊಗೆಯನ್ನು ಹೊರಕ್ಕೆ ಕಳುಹಿಸುವ ನಾಳವು ನಮ್ಮ ದೇಶಕ್ಕೆ ಅಪರಿಚಿತವಾದುದಲ್ಲ. ಪಾಳಿಯ ವಿನಯಪಿಟಕದಲ್ಲಿ ಭಿಕ್ಷುಗಳ ಬಿಸಿಸ್ನಾನದ ಮನೆಗೆ ‘ಧೂಮನೆತ್ತ’ವನ್ನು ಇಡಬಹುದೆಂಬ ಅನುಜ್ಞೆಯಿದೆ. ಆದರೆ ನಮ್ಮ ಸಾಮಾನ್ಯ ಗೃಹಗಳಲ್ಲಿ ಹೊಗೆಯು ಹೆಂಚಿನ ಸಂದುಗಳಿಂದಲೂ ಬೆಳಕಿಂಡಿಯಿಂದಲೂ ಹೊರಟುಹೋಗುತ್ತಿದ್ದಿತು. ಉಳಿದ ಮಸಿಯು ಜಂತೆಗಳಲ್ಲಿ ಜೋತುಬೀಳುತ್ತಿದ್ದಿತು. ಇದನ್ನೇ ಆಯುರ್ವೇದದವರು ಗೃಹಧೂಮವೆಂದು ಕರೆದು ಔಷಧದ್ರವ್ಯಗಳಲ್ಲಿ ಸೇರಿಸಿದರು, ಕನ್ನಡಿಗರು ಇಲ್ಲಣವೆಂದರು. ಗೃಹಿಣಿಯು ಗಳುವಿನ ತುದಿಗೆ ಪೊರಕೆಯನ್ನು ಕಟ್ಟಿ, ನೆಲದ ಮೇಲೆ ನಿಂತೇ ಇಲ್ಲಣವನ್ನು ತೆಗೆಯುತ್ತಿದ್ದಳು. ‘ಚಿಮಣಿ’ ಎಂಬ ಇಂಗ್ಲಿಷ್ ಶಬ್ದವು ನಮ್ಮ ಉತ್ತರದ ಜಿಲ್ಲೆಗಳಲ್ಲಿ ಮನೆಯ ಗೋಡೆಯೊಡನೆ ಸೇರದೆ ಸೀಮೆಯೆಣ್ಣೆಯ ದೀಪದೊಡನೆ ಸೇರಿ, ‘ಚಿಮಣಿ ಎಣ್ಣೆ’ ಎಂಬ ಮಾತಿಗೂ ಎಡೆಗೊಟ್ಟಿತು. ನಮ್ಮ ಮನೆಗಳ ಗೋಡೆಗಳಲ್ಲಿ ಆ ಪದಕ್ಕೆ ತಕ್ಕ ಪದಾರ್ಥವು ಸಾಮಾನ್ಯವಾಗಿ ಇರಲಿಲ್ಲವಷ್ಟೆ.

ಇಂಗ್ಲೆಂಡಿನ ಸ್ಥಿತಿಯು ಬೇರೆ. ಆ ದೇಶದ ಶೀತಕ್ಕೆ ಪ್ರತಿಯೊಂದು ಕೋಣೆಯಲ್ಲಿಯೂ ಅಗ್ಗಿಷ್ಟಿಕೆ ಬೇಕು. ಸೌದೆಯನ್ನು ಉರಿಸುತ್ತಿದ್ದ ಕಾಲದಲ್ಲಿ ಹೊಗೆಗೂಡುಗಳು ವಿಶಾಲವಾಗಿದ್ದುವು. ಕಲ್ಲಿದ್ದಲು ಬಳಕೆಗೆ ಬಂದ ಮೇಲೆ, ಹೊಗೆಯನ್ನು ವೇಗವಾಗಿ ಮೇಲಕ್ಕೆ ಎಳೆಯುವುದಕ್ಕಾಗಿ ನಾಳಗಳನ್ನು ಕಿರಿದುಮಾಡಿದರು. 9 ಅಂಗುಲ ಅಗಲ, 14 ಅಂಗುಲ ಉದ್ದದ ನಾಳವು ಸಾಧಾರಣವಾಗಿದ್ದಿತು. ಎರಡು ಕಡೆಯೂ 9 ಅಂಗುಲವೇ ಇದ್ದ ನಾಳಗಳೂ ಉಂಟು. ಅನೇಕ ಕೋಣೆಗಳ ನಾಳಗಳನ್ನು ಒಂದೇ ಶಿಖರಕ್ಕೆ ಸೇರಿಸಬೇಕಾದುದರಿಂದ ಅವು ಗೋಡೆಯೊಳಗೆ ಅಡ್ಡಲಾಗಿಯೂ ಓರೆಯಾಗಿಯೂ ತಿರುಗುತ್ತಿದ್ದುವು. ಕಲ್ಲಿದ್ದಲಿನ ಮಸಿಯು ಅಲ್ಲಿ ದಟ್ಟವಾಗಿ ಕೂಡುವುದು. ತೆಗೆಯದಿದ್ದರೆ ಹೊಗೆಯು ಕೋಣೆಗೆ ಹಿಂದಿರುಗುವುದು, ಅಥವಾ ಮಸಿಯೇ ಹೊತ್ತಿಕೊಳ್ಳುವುದು. ಹೀಗೆ ವರ್ಷವರ್ಷವೂ ಗುಡಿಸುವುದು ಅನಿವಾರ್ಯವಾಯಿತು. ವಯಸ್ಕನ ದೇಹವು ಆ ನಾಳದಲ್ಲಿ ಹಿಡಿಸದು. ಆರೇಳು ವರ್ಷದ ಬಾಲಕನ ದೇಹವು ಹಿಡಿಸುವುದು. ಬಾಲಕನು ಗೂಡನ್ನು ಸೇರಿದುದಕ್ಕೆ ಮೊದಲ ಕಾರಣವಿದು.

ಎರಡನೆಯ ಕಾರಣವು ದಾರಿದ್ರ್ಯ. ಅನಾಥರನ್ನೂ ಬಡವರ ಮಕ್ಕಳನ್ನೂ ಪೋಷಿಸುವ ಭಾರವು ಆಯಾ ಊರಿನ ಚರ್ಚಿನ ವಲಯದ ಮೇಲಿದ್ದಿತು. ಅದರ ಅಧಿಕಾರಿಗಳು ಆ ಮಕ್ಕಳನ್ನು ಕಸಬು ಕಲಿಯುವ ಶಿಷ್ಯರೆಂಬ ಹೆಸರಿನಿಂದ ಯಜಮಾನರಿಗೆ ಕರಾರುಮಾಡಿ ಒಪ್ಪಿಸುತ್ತಿದ್ದರು. ಒಪ್ಪಿಸಿಕೊಂಡವನಿಗೆ ಹಣವನ್ನೂ ಕೊಡುತ್ತಿದ್ದರು. ಯಜಮಾನನು ಮಸಿಯನ್ನು ರೈತರಿಗೆ ಗೊಬ್ಬರವಾಗಿ ಮಾರಿ ಅದರಿಂದಲೂ ಲಾಭಪಡೆಯುತ್ತಿದ್ದನು. ಬಾಲಕನು ಮುಖಕ್ಕೆ ಟೊಪ್ಪಿಗೆಯನ್ನು ಎಳೆದುಕೊಂಡು, ಮೊಣಕೈ ಮೊಣಕಾಲುಗಳನ್ನು ಗೋಡೆಗೆ ಒತ್ತಿ, ಕಂಬಳಿಹುಳುವಿನಂತೆ ಮೇಲಕ್ಕೆ ಸರಿಯಬೇಕು. ಚರ್ಮವು ಗಟ್ಟಿಯಾಗಲೆಂದು ಮೊಣಕಾಲುಗಳಿಗೆ ಉಪ್ಪುನೀರನ್ನು ಉಜ್ಜುವುದು ವಾಡಿಕೆ. ಇಳಿಯುವಾಗ ಜಾರಿ ಮೊಣಕಾಲು ಗಲ್ಲಕ್ಕೆ ಸಿಕ್ಕಿಕೊಂಡರೆ ಮೇಲಕ್ಕೂ ಕೆಳಕ್ಕೂ ಗತಿಯಿಲ್ಲ, ಉಸಿರುಕಟ್ಟಿ ಸತ್ತವರುಂಟು. ರಾತ್ರಿಯಲ್ಲಿ ಮಸಿಯ ಚೀಲಗಳೇ ಅವರಿಗೆ ಹಾಸಿಗೆ ಹೊದಿಕೆಗಳು.

ಬದುಕಿ ಬೆಳೆದವನಿಗೂ ಮಸಿಯು ಬಿಡಲಿಲ್ಲ. ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಎಂಬವನು 1775ರಲ್ಲಿ, ಈ ಕಸಬಿನವರ ವೃಷಣಚರ್ಮದಲ್ಲಿ ಹುಟ್ಟುವ ಹುಣ್ಣು ಅರ್ಬುದರೋಗವೆಂದೂ ಅದಕ್ಕೆ ಮಸಿಯೇ ಕಾರಣವೆಂದೂ ತೋರಿಸಿದನು. ಒಂದು ವೃತ್ತಿಯಿಂದ ಅರ್ಬುದವು ಉಂಟಾಗುವುದನ್ನು ವೈದ್ಯಶಾಸ್ತ್ರವು ಗುರುತಿಸಿದ ಮೊದಲ ಪ್ರಸಂಗಗಳಲ್ಲಿ ಇದು ಪ್ರಸಿದ್ಧವಾದುದು. 1915ರಲ್ಲಿ ಯಾಮಾಗಿವಾ ಮತ್ತು ಇಚಿಕಾವಾ ಎಂಬ ಜಪಾನೀ ವಿದ್ವಾಂಸರು ಮೊಲಗಳ ಕಿವಿಗೆ ಕಲ್ಲಿದ್ದಲಿನ ಡಾಂಬರನ್ನು ಪದೇ ಪದೇ ಸವರಿ ಅರ್ಬುದವನ್ನು ಉಂಟುಮಾಡಿದರು. ಆ ಡಾಂಬರಿನಲ್ಲಿ ಅಡಗಿದ್ದ ಬೆಂಜೊಪೈರೀನ್ ಎಂಬ ದ್ರವ್ಯವು 1933ರಲ್ಲಿ ಲಂಡನ್ನಿನಲ್ಲಿ ಬೇರ್ಪಡಿಸಲ್ಪಟ್ಟಿತು. ಪಾಟನ ಅನುಮಾನವು ಹೀಗೆ 158 ವರ್ಷಗಳ ತರುವಾಯ ದ್ರವ್ಯರೂಪದಲ್ಲಿ ಸಿದ್ಧವಾಯಿತು.

ಈಗ ಕಾಯಿದೆಗಳ ಕ್ರಮವನ್ನು ಪರಿಶೀಲಿಸೋಣ. ಜೋನಾಸ್ ಹ್ಯಾನ್ವೇ ಎಂಬ ವರ್ತಕನು ಈ ಬಾಲಕರ ಪರವಾಗಿ ಅನೇಕ ವರ್ಷಗಳು ಶ್ರಮಿಸಿ 1786ರಲ್ಲಿ ತೀರಿಕೊಂಡನು. 1788ರಲ್ಲಿ ಮೊದಲನೆಯ ಕಾಯಿದೆಯಾಯಿತು. 8 ವರ್ಷಕ್ಕೆ ಕೆಳಗಿನವರನ್ನು ಶಿಷ್ಯರಾಗಿ ತೆಗೆದುಕೊಳ್ಳಕೂಡದೆಂದೂ, ಒಬ್ಬ ಯಜಮಾನನಿಗೆ 6 ಮಂದಿಗಿಂತ ಹೆಚ್ಚು ಶಿಷ್ಯರು ಇರಕೂಡದೆಂದೂ ಅದು ವಿಧಿಸಿತು. ಆದರೆ ಮಸೂದೆಯಲ್ಲಿದ್ದ ಒಂದು ಮುಖ್ಯವಾದ ವಿಧಿಯನ್ನು ಪ್ರಭುಗಳ ಸಭೆಯು ತೆಗೆದುಹಾಕಿತು. ಪ್ರತಿಯೊಬ್ಬ ಯಜಮಾನನೂ ಲೈಸೆನ್ಸು ಪಡೆಯಬೇಕೆಂಬುದೇ ಆ ವಿಧಿ. ಇದು ಹೋದುದರಿಂದ, ಯಾರು ಈ ಕಸಬನ್ನು ಮಾಡುತ್ತಾರೆ, ಅವರ ಮನೆಯಲ್ಲಿ ಎಷ್ಟು ಬಾಲಕರಿದ್ದಾರೆ, ಅವರ ವಯಸ್ಸೆಷ್ಟು ಎಂಬುದನ್ನು ತಿಳಿಯುವ ಮಾರ್ಗವೇ ಇಲ್ಲವಾಯಿತು. ವಿಧಿಯಿದ್ದಿತು, ವಿಚಾರಿಸುವವನಿರಲಿಲ್ಲ. ಬ್ಲೇಕನ ಮೊದಲ ಕವನವು ಮುಂದಿನ ವರ್ಷವೇ ಪ್ರಕಟವಾಯಿತೆಂಬುದನ್ನು ಇಲ್ಲಿ ಗಮನಿಸಬೇಕು. ಅವನ ಬಾಲಕನು ಕಾಯಿದೆಗೆ ಮುಂಚಿನವನಲ್ಲ. ಕಾಯಿದೆಯಾದ ಮೇಲೆಯೂ ಗೂಡಿನಲ್ಲಿಯೇ ಉಳಿದವನು.

ಯಂತ್ರವಿಲ್ಲದುದರಿಂದ ಹೀಗಾಯಿತೆಂದು ಹೇಳುವಂತೆಯೂ ಇಲ್ಲ. 1803ರಲ್ಲಿ ಜಾರ್ಜ್ ಸ್ಮಾರ್ಟ್ ಎಂಬವನು ಪೊಳ್ಳು ಕೋಲುಗಳನ್ನು ಹಗ್ಗದಿಂದ ಒಂದಕ್ಕೊಂದು ಬಿಗಿದು, ತುದಿಯಲ್ಲಿ ಕುಂಚವಿಟ್ಟು, ಕೆಳಗಿನಿಂದಲೇ ನಾಳವನ್ನು ಗುಡಿಸುವ ಸಾಧನವನ್ನು ನಿರ್ಮಿಸಿದನು. ಬಾಲಕರನ್ನು ಈ ಕೆಲಸದಿಂದ ಬಿಡಿಸುವುದಕ್ಕಾಗಿ ಲಂಡನ್ನಿನಲ್ಲಿ ಒಂದು ಸಂಘವೂ ಅದೇ ವರ್ಷ ಸ್ಥಾಪಿತವಾಯಿತು. 1828ರಲ್ಲಿ ಜೋಸೆಫ್ ಗ್ಲಾಸ್ ಎಂಬವನು ಬಾಗುವ ಬೆತ್ತಗಳನ್ನು ಜೋಡಿಸಿ, ತಿರುವುಗಳಲ್ಲಿಯೂ ಸಾಗುವಂತೆ ಅದನ್ನು ಉತ್ತಮಪಡಿಸಿದನು. ತತ್ತ್ವದಲ್ಲಿ ನೋಡಿದರೆ ಇದು ನಮ್ಮ ಗೃಹಿಣಿಯ ಗಳುವಿನ ಪೊರಕೆಯೇ ಹೊರತು ಬೇರೆಯಲ್ಲ. ಆದರೂ ಮನೆಯವರು ಒಪ್ಪಲಿಲ್ಲ. ಯಂತ್ರದಿಂದ ಮಸಿಯು ಕೋಣೆಗೆ ಚೆಲ್ಲುವುದೆಂದರು. ತಿರುವುಗಳು ಶುದ್ಧವಾಗದೆ ಬೆಂಕಿಯ ಭಯವುಂಟಾಗುವುದೆಂದರು. ಗೋಡೆಯ ತಿರುವನ್ನು ಸರಿಪಡಿಸಲು ಹಣ ಬೇಕು. ಬಾಲಕನನ್ನು ಏರಿಸಲು ಬೇಡ. ತರ್ಕದ ಸಾರವು ಇಷ್ಟೇ ಆಗಿದ್ದಿತು.

1817ರಲ್ಲಿ ಕಾಮನ್ಸ್ ಸಭೆಯ ಸಮಿತಿಯೊಂದು ಸಾಕ್ಷ್ಯಗಳನ್ನು ತೆಗೆದುಕೊಂಡು, ಬಾಲಕರನ್ನು ಏರಿಸುವುದನ್ನು ನಿಲ್ಲಿಸಬೇಕೆಂದು ಅಭಿಪ್ರಾಯಪಟ್ಟಿತು. 1819ರಲ್ಲಿ ಬಂದ ಮಸೂದೆಯು ಪ್ರಭುಗಳ ಸಭೆಯಲ್ಲಿ ಬಿದ್ದುಹೋಯಿತು. 1824ರಲ್ಲಿ ಜೇಮ್ಸ್ ಮಾಂಟ್ಗೊಮರಿ ಕವಿಯು ಈ ಬಾಲಕರ ಪರವಾಗಿ ಒಂದು ಸಂಕಲನವನ್ನು ಪ್ರಕಟಿಸಲು, ಚಾರ್ಲ್ಸ್ ಲ್ಯಾಂಬನು ಬ್ಲೇಕನ ಕವನವನ್ನು ಅದಕ್ಕೆ ಕಳುಹಿಸಿಕೊಟ್ಟನು. 35 ವರ್ಷಗಳು ಕಳೆದರೂ ಆ ಕವನವು ಹಳತಾಗಿರಲಿಲ್ಲ. 1834ರ ಕಾಯಿದೆಯು, ಬಾಲಕನು ತನಗೆ ಈ ಕಸಬು ಇಷ್ಟವೆಂದು ನ್ಯಾಯಾಧಿಪತಿಗಳ ಮುಂದೆ ಹೇಳಬೇಕೆಂದು ವಿಧಿಸಿತು. ಅನ್ನಕ್ಕೆ ಗತಿಯಿಲ್ಲದ ಮಗುವಿನ ಇಷ್ಟವೆಂಬುದಕ್ಕೆ ಎಷ್ಟು ಬೆಲೆ? 1837ರಿಂದ 1839ರ ವರೆಗೆ ಪ್ರಕಟವಾದ ಡಿಕನ್ಸನ ‘ಆಲಿವರ್ ಟ್ವಿಸ್ಟ್’ ಕಾದಂಬರಿಯಲ್ಲಿ ನ್ಯಾಯಾಧಿಪತಿಯು ಬಾಲಕನ ಮುಖವನ್ನು ಅಕಸ್ಮಾತ್ತಾಗಿ ನೋಡಿದುದರಿಂದ ಅವನು ಹೊಗೆಗೂಡಿನ ಯಜಮಾನನ ಕೈಯಿಂದ ಪಾರಾಗುತ್ತಾನೆ. ಆ ಪ್ರಕರಣದ ವ್ಯಂಗ್ಯವು ಈ ವಿಧಿಯನ್ನು ಬಲ್ಲವರಿಗೆ ಚೆನ್ನಾಗಿ ಹೊಳೆಯುವುದು.

1840ರ ಕಾಯಿದೆಯು 21 ವರ್ಷಕ್ಕೆ ಕೆಳಗಿನ ಯಾರನ್ನೂ ನಾಳದೊಳಗೆ ಏರಿಸಕೂಡದೆಂದು ಸ್ಪಷ್ಟವಾಗಿ ನಿಷೇಧಿಸಿತು. ಮಾತಿನಲ್ಲಿ ಇದಕ್ಕಿಂತ ಹೆಚ್ಚೇನೂ ಬೇಕಾಗಿರಲಿಲ್ಲ. ಆದರೆ 1863ರಲ್ಲಿ ಬಾಲಕರ ಉದ್ಯೋಗಗಳನ್ನು ವಿಚಾರಿಸಿದ ಆಯೋಗವು ಈ ಪದ್ಧತಿಯು ಇನ್ನೂ ನಡೆಯುತ್ತಿರುವುದನ್ನು ಕಂಡಿತು. ಕಿಂಗ್ಸ್ಲಿಯ ‘ವಾಟರ್ ಬೇಬೀಸ್’ ಎಂಬ ಕಥೆಯು ಪುಸ್ತಕರೂಪದಲ್ಲಿ ಬಂದುದು ಅದೇ ವರ್ಷ. ಅದರ ನಾಯಕನೂ ಹೊಗೆಗೂಡಿನ ಬಾಲಕನೇ. 1864ರ ಕಾಯಿದೆಯು, 16 ವರ್ಷಕ್ಕೆ ಕೆಳಗಿನ ಸಹಾಯಕನನ್ನು ಗುಡಿಸುವ ಮನೆಯೊಳಗೆ ಕರೆತರಲೇ ಕೂಡದೆಂದಿತು. ಅದೂ ಸಾಲಲಿಲ್ಲ. ಹಣವಿದ್ದ ಗೃಹಸ್ಥರೇ ಬಾಲಕನನ್ನು ಬಯಸುತ್ತಿರಲು, ದೂರು ಕೊಡುವವರು ಯಾರು?

1875ರ ಫೆಬ್ರವರಿಯಲ್ಲಿ ಕೇಂಬ್ರಿಜ್ ಬಳಿಯ ಫುಲ್ಬರ್ನ್ ಆಸ್ಪತ್ರೆಯ ಹೊಗೆನಾಳದಲ್ಲಿ ಜಾರ್ಜ್ ಬ್ರೂಸ್ಟರ್ ಎಂಬ, ಸುಮಾರು 11 ವರ್ಷದ ಬಾಲಕನು ಸಿಕ್ಕಿಕೊಂಡನು. ಗೋಡೆಯನ್ನು ಒಡೆದು ಅವನನ್ನು ತೆಗೆದರು. ಸ್ವಲ್ಪ ಹೊತ್ತಿನಲ್ಲಿಯೇ ಅವನು ಪ್ರಾಣಬಿಟ್ಟನು. ಯಜಮಾನನಿಗೆ ಆರು ತಿಂಗಳ ಕಠಿಣಶಿಕ್ಷೆಯಾಯಿತು. ಬಹುಕಾಲದಿಂದ ಇದಕ್ಕಾಗಿ ಹೋರಾಡುತ್ತಿದ್ದ ಷಾಫ್ಟ್ಸ್‌ಬರಿ ಪ್ರಭುವು ಅದೇ ವರ್ಷ ಹೊಸ ಮಸೂದೆಯನ್ನು ತಂದು ಗೆದ್ದನು. ಈ ಕಸಬಿನವನು ವರ್ಷವರ್ಷವೂ ಪೋಲೀಸಿನವರಿಂದ ಅನುಮತಿಪತ್ರವನ್ನು ಪಡೆಯಬೇಕು. ಹಿಂದಿನ ನಿಷೇಧಗಳನ್ನು ನಡೆಯಿಸುವುದು ಪೋಲೀಸಿನವರ ಕರ್ತವ್ಯ. ಇವೇ ಅದರ ಮುಖ್ಯವಿಧಿಗಳು. ಇದರ ಬಲದಿಂದ ಬಾಲಕನನ್ನು ಏರಿಸುವ ಪದ್ಧತಿಯು ನಿಂತಿತು.

ಇಲ್ಲಿ ವಿಚಾರಶೀಲರು ಗಮನಿಸಬೇಕಾದುದೇನೆಂದರೆ, 1875ರಲ್ಲಿ ಫಲಿಸಿದ ಉಪಾಯವು ಹೊಸದಲ್ಲ. 1788ರಲ್ಲಿ ಪ್ರಭುಗಳು ಹೊಡೆದುಹಾಕಿದ ಲೈಸೆನ್ಸಿನ ವಿಧಿಯೇ ಅದು. ನಡುವಣ ಮೂರು ಕಾಯಿದೆಗಳೂ ಮಾಡಬಾರದುದನ್ನು ಹೆಚ್ಚುಹೆಚ್ಚಾಗಿ ಹೇಳಿದುವು. ಮಾಡಿದುದನ್ನು ಕಂಡುಹಿಡಿಯುವ ಭಾರವನ್ನು ಒಬ್ಬ ಅಧಿಕಾರಿಯ ಮೇಲೆ ಹೊರಿಸಿದ ದಿನವೇ ನಿಷೇಧಕ್ಕೆ ಶಕ್ತಿ ಬಂದಿತು. ಯಂತ್ರವು 72 ವರ್ಷಗಳಿಂದ ಮೂಲೆಯಲ್ಲಿ ಕಾದಿದ್ದಿತು.

ಇದು ಪರದೇಶದ ಹಳೆಯ ಕಥೆಯೆಂದು ನಾವು ಸುಮ್ಮನಿರುವಂತಿಲ್ಲ. ನಮ್ಮ ದೇಶದ 2013ರ ಕಾಯಿದೆಯು ರಕ್ಷಣೆಯ ಸಾಧನಗಳಿಲ್ಲದೆ ಮನುಷ್ಯರನ್ನು ಒಳಚರಂಡಿಗೂ ಮಲಗುಂಡಿಗೂ ಇಳಿಸುವುದನ್ನು ನಿಷೇಧಿಸಿದೆ. ಹಾಗಿದ್ದರೂ ಅಲ್ಲಿ ಸತ್ತವರ ಕುಟುಂಬಗಳಿಗೆ 10 ಲಕ್ಷ ರೂಪಾಯಿಗಳ ಪರಿಹಾರವನ್ನು ಸುಪ್ರೀಂ ಕೋರ್ಟು 2014ರಲ್ಲಿ ವಿಧಿಸಬೇಕಾಯಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಬೇಕಾಯಿತು. ಪರಿಹಾರದ ಮೊತ್ತವು ಏರಿದುದು ಸಾವು ನಿಲ್ಲಲಿಲ್ಲವೆಂಬುದಕ್ಕೆ ಸಾಕ್ಷಿ. ಬ್ಲೇಕನ ಕವನಗಳನ್ನು ಪಾಠಹೇಳುವಾಗ ಅಧ್ಯಾಪಕರು 1788ರ ಕಾಯಿದೆಯನ್ನೂ, ಅದರಿಂದ ಕಳಚಿಹೋದ ಆ ಒಂದು ವಿಧಿಯನ್ನೂ ವಿದ್ಯಾರ್ಥಿಗಳಿಗೆ ತಿಳಿಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ.