ಈ ಭವದ ಭವಾವಳಿ: ಬನಾರಸೀದಾಸನ ‘ಅರ್ಧಕಥಾನಕ’

ಜೈನಪುರಾಣಗಳನ್ನು ಓದಿದವರಿಗೆ ಹಿನ್ನೋಟವೆಂಬುದು ಹೊಸ ಸಂಗತಿಯಲ್ಲ. ಪಂಪನ ‘ಆದಿಪುರಾಣ’ದಲ್ಲಿ ಶ್ರೀಮತಿಗೆ ಜಾತಿಸ್ಮರಣೆಯುಂಟಾಗಿ ಹಿಂದಿನ ಭವದ ಇನಿಯ ಲಲಿತಾಂಗದೇವನ ನೆನಪು ಮರುಕಳಿಸುತ್ತದೆ. ಜನ್ನನ ‘ಯಶೋಧರ ಚರಿತೆ’ಯಲ್ಲಿ ಬಲಿಗೆಂದು ಹಿಡಿದು ತಂದ ಬಾಲಕ ಅಭಯರುಚಿ, ಮಾರಿದತ್ತನೆದುರು ನಿಂತು ತಾನು ಪ್ರಾಣಿಪಕ್ಷಿಗಳಾಗಿ ತೊಳಲಿದ ಜನ್ಮಗಳನ್ನು ವಿವರಿಸುತ್ತಾನೆ. ಒಂದು ಜೀವ ತನ್ನ ಗತಕಾಲವನ್ನು ತಿರುಗಿ ನೋಡುವುದಕ್ಕೆ ಜೈನಸಾಹಿತ್ಯ ಕೊಟ್ಟ ಮಾದರಿ ಭವಾವಳಿ. ಆದರೆ ಈ ಹಿನ್ನೋಟ ಬಹು ದೂರಕ್ಕೆ ನೆಗೆಯುತ್ತದೆ. ಸಮೀಪದ್ದು ಅದರ ಕಣ್ಣಿಗೆ ಬೀಳುವುದಿಲ್ಲ. ಏಳೆಂಟು ಭವಗಳ ಹಿಂದಿನದನ್ನು ನೆನೆಯುವ ಜೀವಕ್ಕೆ, ಇದೇ ಭವದ ಬಾಲ್ಯದಲ್ಲಿ ತಾನು ಯಾವ ಬೀದಿಯಲ್ಲಿ ಆಡಿದೆ, ಯಾರಿಂದ ಏಟು ತಿಂದೆ ಎಂಬುದು ಹೇಳತಕ್ಕ ವಿಷಯವೆನಿಸುವುದಿಲ್ಲ.

ಕವಿಗಳು ತಮ್ಮ ವಿಷಯ ಹೇಳಿಕೊಳ್ಳುವಾಗಲೂ ಹೀಗೆಯೇ. ನಮ್ಮ ಪ್ರಾಚೀನ ಕವಿಗಳಲ್ಲಿ ರನ್ನನಷ್ಟು ಧಾರಾಳವಾಗಿ ತನ್ನ ಬಗ್ಗೆ ಹೇಳಿಕೊಂಡವರು ಕಡಿಮೆ. 993ರಲ್ಲಿ ಮುಗಿದ ‘ಅಜಿತಪುರಾಣ’ದಿಂದ ಅವನ ಊರು ಮುದುವೊಳಲು, ಕುಲ ಬಳೆಗಾರರದು, ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ ಎಂಬುದೆಲ್ಲ ತಿಳಿಯುತ್ತದೆ, ಮಡದಿಯರ, ಮಕ್ಕಳ ಹೆಸರುಗಳೂ ದೊರೆಯುತ್ತವೆ. ಆದರೆ ಬಳೆಗಾರರ ಮನೆಯ ಆ ಹುಡುಗ ಬಳೆಯ ಮಲಾರ ಹೊತ್ತು ತಿರುಗಿದ್ದನೇ, ಮುದುವೊಳಲನ್ನು ಬಿಟ್ಟು ಗಂಗವಾಡಿಯ ದಾರಿ ಹಿಡಿದ ದಿನ ಅವನ ಮನಸ್ಸಿನಲ್ಲಿ ಏನಿತ್ತು ಎಂದು ಕೇಳಿದರೆ ಕಾವ್ಯ ಮೌನ ತಾಳುತ್ತದೆ. ಅದು ರನ್ನನ ಕೊರತೆಯಲ್ಲ. ಅಂಥ ಮಾತಿಗೆ ಚಂಪುವಿನಲ್ಲಿ ಸ್ಥಳವಿರಲಿಲ್ಲ.

ಆ ಸ್ಥಳವನ್ನು ಮಾಡಿಕೊಂಡ ಜೈನಕವಿಯೊಬ್ಬ ಆರೂವರೆ ಶತಮಾನಗಳ ತರುವಾಯ ಉತ್ತರದೇಶದಲ್ಲಿ ಕಾಣಸಿಗುತ್ತಾನೆ. ಆಗ್ರಾದ ವ್ಯಾಪಾರಿ ಬನಾರಸೀದಾಸ ವಿಕ್ರಮ ಸಂವತ್ 1698ರಲ್ಲಿ, ಎಂದರೆ 1641ರ ಕೊನೆಯಲ್ಲಿ, ತನ್ನ ಐವತ್ತೈದನೆಯ ವಯಸ್ಸಿನಲ್ಲಿ, 675 ಪದ್ಯಗಳ ‘ಅರ್ಧಕಥಾನಕ’ವನ್ನು ಬರೆದ. ಹಿಂದಿಯ ಮೊದಲ ಆತ್ಮಕಥೆಯೆಂದು ಇದು ಪ್ರಸಿದ್ಧವಾಗಿದೆ. ಮನುಷ್ಯನ ಆಯುಸ್ಸು ನೂರಹತ್ತು ವರ್ಷವೆಂಬ ಎಣಿಕೆಯಿಂದ, ತಾನು ಹೇಳುತ್ತಿರುವುದು ಅರ್ಧ ಮಾತ್ರವೆಂದು ಅವನೇ ಹೆಸರಿನ ಅರ್ಥ ಬಿಡಿಸುತ್ತಾನೆ. 1943ರಲ್ಲಿ ನಾಥೂರಾಮ ಪ್ರೇಮಿಯವರ ಆವೃತ್ತಿ, 1981ರಲ್ಲಿ ಮುಕುಂದ ಲಾಠ್ ಅವರ ಇಂಗ್ಲಿಷ್ ಅನುವಾದ ಹೊರಬಂದ ಮೇಲೆ ಇತಿಹಾಸಕಾರರು ಇದನ್ನು ಮೊಗಲರ ಕಾಲದ ವ್ಯಾಪಾರಿ ಬದುಕಿನ ಆಕರವೆಂದು ಮತ್ತೆ ಮತ್ತೆ ಬಳಸಿಕೊಂಡಿದ್ದಾರೆ. ಜೈನಸಾಹಿತ್ಯದ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆ ಬೇರೆ. ಅಧ್ಯಾತ್ಮದಲ್ಲಿ ನೆಲೆನಿಂತವನೆಂದು ಹೆಸರಾದ ವ್ಯಕ್ತಿ ಇಳಿವಯಸ್ಸಿನಲ್ಲಿ ತನ್ನ ಹುಟ್ಟೂರನ್ನೂ ಹುಡುಗತನವನ್ನೂ ಇಷ್ಟು ವಿವರವಾಗಿ ಏಕೆ ನೆನೆಯಬೇಕು?

ಆ ಊರು ಗೋಮತಿಯ ದಡದ ಜೌನ್‌ಪುರ. ಒಮ್ಮೆ ಶರ್ಕಿ ಸುಲ್ತಾನರ ರಾಜಧಾನಿಯಾಗಿದ್ದು, ಅಕ್ಬರನ ಕಾಲಕ್ಕೆ ಸಾಮ್ರಾಜ್ಯದ ಪಟ್ಟಣಗಳಲ್ಲೊಂದಾಗಿ ಇಳಿದಿತ್ತು. ಬನಾರಸೀದಾಸ ಅದನ್ನು ವರ್ಣಿಸುವಾಗ ಹಳೆಯ ವೈಭವದ ಗುಂಗಿನಲ್ಲಿಯೇ ಇದ್ದಾನೆ: ಏಳು ನೆಲೆಯ ಮನೆಗಳು, ಐವತ್ತೆರಡು ಛತ್ರಗಳು, ಐವತ್ತೆರಡು ಪೇಟೆಗಳು. ನಮ್ಮ ಕವಿಗಳ ಪುರವರ್ಣನೆಯ ಜಾಡು ಇಲ್ಲಿ ಸ್ಪಷ್ಟ. ಆದರೆ ವರ್ಣನೆ ಮುಗಿದು ಮನೆಯೊಳಕ್ಕೆ ಕಾಲಿಟ್ಟೊಡನೆ ಧ್ವನಿ ಬದಲಾಗುತ್ತದೆ. ಗಂಡುಮಗುವಿನ ಹರಕೆ ಹೊತ್ತು ತಂದೆತಾಯಿಗಳು ರೋಹತಕದ ಸತಿಯ ಗುಡಿಗೆ ಹೋಗಿ, ದಾರಿಯಲ್ಲಿ ಕಳ್ಳರಿಗೆ ಎಲ್ಲವನ್ನೂ ಒಪ್ಪಿಸಿ, ಉಟ್ಟ ಬಟ್ಟೆಯಲ್ಲಿ ಮರಳಿದರು. ಆದರೂ ಸತಿಯ ಮೇಲಿನ ನಂಬಿಕೆ ಬಿಡಲಿಲ್ಲ ಎನ್ನುವಾಗ ಮಗ ನಗುತ್ತಾನೆ. 1586ರಲ್ಲಿ ಹುಟ್ಟಿದ ಮಗುವಿಗೆ ಮೊದಲು ಇಟ್ಟ ಹೆಸರು ವಿಕ್ರಮಾಜಿತ. ಕೆಲವು ತಿಂಗಳ ಕೂಸನ್ನು ಕಾಶಿಯ ಪಾರ್ಶ್ವನಾಥ ಬಸದಿಗೆ ಕೊಂಡೊಯ್ದಾಗ ಅಲ್ಲಿಯ ಪೂಜಾರಿ ಉಸಿರು ಬಿಗಿಹಿಡಿದು ಕುಳಿತು, ಯಕ್ಷ ಕಾಣಿಸಿಕೊಂಡನೆಂದೂ ಪಾರ್ಶ್ವಪ್ರಭುವಿನ ಜನ್ಮಸ್ಥಳದ ಹೆಸರನ್ನೇ ಮಗುವಿಗಿಟ್ಟರೆ ಆಯುಷ್ಯ ಗಟ್ಟಿಯೆಂದೂ ನುಡಿದನಂತೆ. ಅದೊಂದು ನಾಟಕವೆಂಬುದನ್ನು ಕವಿ ಮರೆಮಾಚುವುದಿಲ್ಲ. ಆ ನಾಟಕದಿಂದ ಬಂದ ಹೆಸರನ್ನು ಬಿಡುವುದೂ ಇಲ್ಲ.

ಎಂಟನೆಯ ವಯಸ್ಸಿಗೆ ಅಕ್ಷರಾಭ್ಯಾಸ, ಹನ್ನೊಂದಕ್ಕೆ ಮದುವೆ. ಸೊಸೆ ಮನೆಗೆ ಬಂದ ದಿನವೇ ತಂಗಿಯೊಬ್ಬಳು ಹುಟ್ಟಿದಳು, ಮುದುಕಿ ಅಜ್ಜಿಯೊಬ್ಬಳು ತೀರಿಕೊಂಡಳು. ಒಂದೇ ಮನೆಯಲ್ಲಿ ಒಂದೇ ದಿನ ಕೂಡಿದ ಈ ಮೂರನ್ನು ಕವಿ ಸಂಸಾರದ ವಿಡಂಬನೆಯೆಂದು ಕಾಣುತ್ತಾನೆ. 1598ರಲ್ಲಿ ಜೌನ್‌ಪುರದ ಅಧಿಕಾರಿ ಕಿಲೀಚ್ ಖಾನ್ ಊರಿನ ರತ್ನಪಡಿವ್ಯಾಪಾರಿಗಳನ್ನೆಲ್ಲ ಸೆರೆಹಿಡಿದು, ಕೇಳಿದ್ದನ್ನು ಕೊಡಲಿಲ್ಲವೆಂದು ಚಾವಟಿಯಿಂದ ಹೊಡೆಸಿದ. ಬಿಡುಗಡೆಯಾದವರು ಸಂಸಾರ ಕಟ್ಟಿಕೊಂಡು ದಿಕ್ಕಿಗೊಬ್ಬರಂತೆ ಓಡಿದರು. ತಂದೆ ಖರಗಸೇನ ಮಳೆಯ ಕತ್ತಲೆಯಲ್ಲಿ ಹೆಂಡತಿ ಮಕ್ಕಳೊಡನೆ ಶಾಹಜಾದಪುರ ಸೇರಿದಾಗ ಕರಮಚಂದನೆಂಬ ವರ್ತಕ ತನ್ನ ಮನೆಯನ್ನೇ ಬಿಟ್ಟುಕೊಟ್ಟ. ತಂದೆ ಪ್ರಯಾಗದ ಕಡೆ ವ್ಯಾಪಾರಕ್ಕೆ ಹೋದ ಮೇಲೆ ಹನ್ನೆರಡರ ಹುಡುಗ ಅಲ್ಲಿ ಕವಡೆಗಳನ್ನು ಕೊಂಡು ಮಾರಿ, ಬಂದ ಅಲ್ಪ ಲಾಭವನ್ನು ಅಜ್ಜಿಯ ಕೈಗೆ ತಂದಿಟ್ಟ. ಮೊಮ್ಮಗನ ಮೊದಲ ಸಂಪಾದನೆಯೆಂದು ಅಜ್ಜಿ ಸತಿಯ ಹೆಸರಿನಲ್ಲಿ ಸಿಹಿ ಹಂಚಿದಳು. ಇಡೀ ಕೃತಿಯಲ್ಲಿ ಇಷ್ಟು ಹಗುರವಾದ ಸಂತೋಷ ಮತ್ತೊಮ್ಮೆ ಬರುವುದು ಅಪರೂಪ.

ಹದಿನಾಲ್ಕರ ಮೇಲಿನ ಕಥೆ ಎಲ್ಲರಿಗೂ ಗೊತ್ತಿರುವುದು. ಪಂಡಿತ ದೇವದತ್ತನಲ್ಲಿ ನಿಘಂಟು, ಜ್ಯೋತಿಷ, ಅಲಂಕಾರಗಳ ಪಾಠ. ಅದರ ಜೊತೆಗೇ ಹತ್ತಿದ ಪ್ರೇಮದ ಹುಚ್ಚು. ತಂದೆಯ ಪೆಟ್ಟಿಗೆಯಿಂದ ಕದ್ದ ರತ್ನಗಳು. ಮೈಯೆಲ್ಲ ಹುಣ್ಣಾಗಿ ಮಾವನ ಮನೆಯಲ್ಲಿ ಬಿದ್ದಾಗ ಹೆಂಡತಿ ಮತ್ತು ಅತ್ತೆ ಮಾಡಿದ ಆರೈಕೆ. ಪ್ರತಿದಿನ ಬಾಗಿಲಲ್ಲಿ ಚಿನ್ನದ ನಾಣ್ಯ ಬೀಳುವುದೆಂದು ನಂಬಿಸಿದ ಸಂನ್ಯಾಸಿಯ ಮಾತಿಗೆ ಮರುಳಾಗಿ ಶೌಚಾಲಯದಲ್ಲಿ ಕುಳಿತು ಒಂದು ವರ್ಷ ಮಂತ್ರ ಜಪಿಸಿದ್ದನ್ನೂ ಅವನು ಬಿಟ್ಟಿಲ್ಲ. 1605ರಲ್ಲಿ ಅಕ್ಬರನ ಮರಣವಾರ್ತೆ ಜೌನ್‌ಪುರಕ್ಕೆ ಬಂದಾಗ ಮೆಟ್ಟಿಲ ಮೇಲೆ ಕುಳಿತಿದ್ದ ಹತ್ತೊಂಬತ್ತರ ತರುಣ ತಲೆ ಸುತ್ತಿ ಉರುಳಿಬಿದ್ದ. ಒಡೆದ ಹಣೆಗೆ ತಾಯಿ ಬಟ್ಟೆ ಸುಟ್ಟು ಒತ್ತಿದಳು. ಹೊಸ ಬಾದಶಹ ಪಟ್ಟವೇರಿದ ಸುದ್ದಿ ಬರುವವರೆಗೆ ಹತ್ತು ದಿನ ಊರಿನ ಜನ ಅಂಗಡಿ ಮುಚ್ಚಿ, ಒಡವೆ ಹೂತು, ಒರಟು ಬಟ್ಟೆ ತೊಟ್ಟು, ಉಳ್ಳವರಾರು ಇಲ್ಲದವರಾರು ಎಂಬ ಗುರುತು ಸಿಗದಂತೆ ಬದುಕಿದರು. ಒಂದು ಸಾಮ್ರಾಜ್ಯದ ಅರಸು ಬದಲಾದದ್ದು ದೂರದ ಪಟ್ಟಣವೊಂದರ ಬೀದಿಗೆ ಹೇಗೆ ಕಂಡಿತೆಂಬುದಕ್ಕೆ ಆಸ್ಥಾನದ ಚರಿತ್ರಕಾರರಲ್ಲಿ ಇದಕ್ಕೆ ಸಮನಾದ ಚಿತ್ರ ಹುಡುಕುವುದು ಕಷ್ಟ.

ಇದೇ ಕಾಲದಲ್ಲಿ ಅವನು ತಾನು ಬರೆದಿದ್ದ ಸಾವಿರ ಪದ್ಯಗಳ ಶೃಂಗಾರಪ್ರಧಾನ ಗ್ರಂಥವನ್ನು ಗೆಳೆಯರೆದುರಿಗೇ ಸೇತುವೆಯ ಮೇಲಿನಿಂದ ಗೋಮತಿಗೆ ಎಸೆದ. ಒಂದು ಸುಳ್ಳಿಗೇ ನರಕವಾದರೆ ಪುಸ್ತಕದ ತುಂಬ ಸುಳ್ಳು ಬರೆದವನ ಗತಿಯೇನು ಎಂಬುದು ಆಗಿನ ಯೋಚನೆ. ಹಲವರು ‘ಅರ್ಧಕಥಾನಕ’ವನ್ನು ಪಶ್ಚಾತ್ತಾಪದ ಕಥೆಯಾಗಿ ಓದುವುದಕ್ಕೆ ಈ ಪ್ರಸಂಗವೇ ಆಧಾರ. ಆಲೋಚನೆ, ಪ್ರತಿಕ್ರಮಣಗಳ ಪರಂಪರೆಯುಳ್ಳ ಧರ್ಮದಲ್ಲಿ ಅಂಥ ಓದು ಸಹಜವೂ ಹೌದು. ಆದರೆ ಅದು ಕೃತಿಯ ಅರ್ಧವನ್ನಷ್ಟೇ ವಿವರಿಸುತ್ತದೆ. ಗುರುವಿನ ಮುಂದೆ ದೋಷ ನಿವೇದಿಸುವವನಿಗೆ ರತ್ನ ಕದ್ದ ಸಂಗತಿ ಬೇಕು. ಆಗ್ರಾದಲ್ಲಿ ದಿವಾಳಿಯಾದಾಗ ತಿಂಗಳುಗಟ್ಟಲೆ ಸಾಲದ ಮೇಲೆ ಕಚೋರಿ ಕೊಟ್ಟ ಅಂಗಡಿಯವನು ಬೇಕಿಲ್ಲ. ಸಂಜೆ ಹತ್ತಿಪ್ಪತ್ತು ಜನರನ್ನು ಕೂರಿಸಿಕೊಂಡು ‘ಮಧುಮಾಲತಿ’, ‘ಮಿರಗಾವತಿ’ಗಳನ್ನು ಹಾಡಿ ಓದಿದ್ದರಲ್ಲಿ ಕ್ಷಮೆ ಬೇಡತಕ್ಕದ್ದೇನೂ ಇಲ್ಲ. ಕೈಸೋತ ಗಂಡನಿಗೆ ತಾನು ಕೂಡಿಟ್ಟ ಇಪ್ಪತ್ತು ರೂಪಾಯಿಯನ್ನು ಗುಟ್ಟಾಗಿ ಕೊಟ್ಟ ಹೆಂಡತಿಯ ನೆನಪಿನಲ್ಲಿರುವುದು ಋಣ. ಅದನ್ನು ಪಾಪನಿವೇದನೆಯ ಲೆಕ್ಕಕ್ಕೆ ಸೇರಿಸಲು ಬರುವುದಿಲ್ಲ.

ಬನಾರಸೀದಾಸನಿಗೆ ಈ ದೃಷ್ಟಿ ಎಲ್ಲಿಂದ ಬಂತು? ಉತ್ತರದ ಒಂದು ಎಳೆ ಕರ್ನಾಟಕದವರೆಗೆ ಚಾಚುತ್ತದೆ. 1623ರಲ್ಲಿ ರಾಜಮಲ್ಲನ ಟೀಕೆಯೊಡನೆ ಕುಂದಕುಂದರ ‘ಸಮಯಸಾರ’ ಅವನ ಕೈಸೇರಿತು. ಆತ್ಮವೊಂದೇ ಸತ್ಯ, ಬಾಹ್ಯಕ್ರಿಯೆಯೆಲ್ಲ ಹುಸಿ ಎಂಬಷ್ಟೇ ತಲೆಗೇರಿ, ಒಳಗಿನ ಅನುಭವ ಮಾತ್ರ ಹುಟ್ಟದೆ, ಹನ್ನೆರಡು ವರ್ಷ ಅವನು ಅತ್ತಲೂ ಇತ್ತಲೂ ಸಲ್ಲದೆ ಕಳೆದ. ಗೆಳೆಯರೊಡನೆ ಕೋಣೆಯಲ್ಲಿ ಬೆತ್ತಲೆ ಕುಣಿದು ತಾವೇ ಮುನಿಗಳೆಂದು ಹಾಸ್ಯ ಮಾಡಿದ್ದು ಆಗಲೇ. 1635ರಲ್ಲಿ ಪಂಡಿತ ರೂಪಚಂದ ಆಗ್ರಾಕ್ಕೆ ಬಂದು ‘ಗೊಮ್ಮಟಸಾರ’ವನ್ನು ಪ್ರವಚನ ಮಾಡಿದ ಮೇಲೆ ಗೊಂದಲ ತಿಳಿಯಾಯಿತು. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗಂಗರ ಸೇನಾನಿ ಚಾವುಂಡರಾಯನಿಗಾಗಿ ರಚಿಸಿದ, ಅವನ ‘ಗೊಮ್ಮಟ’ ಎಂಬ ಹೆಸರನ್ನೇ ಹೊತ್ತ ಗ್ರಂಥವಿದು. 1359ರಲ್ಲಿ ಕೇಶವವರ್ಣಿ ಇದಕ್ಕೆ ಕನ್ನಡ ವೃತ್ತಿ ಬರೆದ. ಜೀವವು ಹದಿನಾಲ್ಕು ಗುಣಸ್ಥಾನಗಳಲ್ಲಿ ಏರಿಳಿಯುತ್ತದೆ. ಯಾವ ಮೆಟ್ಟಿಲಲ್ಲಿ ನಿಂತಿದೆಯೋ ಆ ಮೆಟ್ಟಿಲಿಗೆ ತಕ್ಕ ಶ್ರದ್ಧೆ, ತಕ್ಕ ನಡೆ ಎಂಬುದು ಅದರ ಪಾಠ. ಇದನ್ನು ಕೇಳಿಸಿಕೊಂಡವನಿಗೆ ಜೌನ್‌ಪುರದ ಹುಡುಗನನ್ನು ದ್ವೇಷಿಸುವ ಅಗತ್ಯವಿಲ್ಲ. ಅವನು ಕೆಳಗಿನ ಮೆಟ್ಟಿಲಲ್ಲಿದ್ದ ಅದೇ ಜೀವ. ಪುರಾಣದಲ್ಲಿ ಅನೇಕ ಭವಗಳಿಗೆ ಹರಡಿದ್ದ ಭವಾವಳಿಯನ್ನು ಒಂದೇ ಆಯುಸ್ಸಿನೊಳಗೆ ಮಡಿಚಿಡುವುದು ಹೀಗೆ ಸಾಧ್ಯವಾಯಿತೆಂದು ತೋರುತ್ತದೆ.

ಇಳಿವಯಸ್ಸಿನ ವಿಷಯದಲ್ಲಿಯೂ ಪುರಾಣದ ಮಾದರಿ ಅವನ ಮುಂದಿತ್ತು. ನೀಲಾಂಜನೆ ಕುಣಿಯುತ್ತಲೇ ಮರೆಯಾದದ್ದನ್ನು ಕಂಡು ವೃಷಭನಾಥ ರಾಜ್ಯವನ್ನು ಭರತನಿಗೊಪ್ಪಿಸಿ ಹೊರಡುತ್ತಾನೆ. ಅರಸನಿಗೆ ರಾಜ್ಯವಿದ್ದಂತೆ ವ್ಯಾಪಾರಿಗೆ ಅಂಗಡಿ. ಅದನ್ನು ಮಗನ ಕೈಗಿತ್ತು ಬಸದಿಯತ್ತ ಮುಖ ಮಾಡುವುದು ಶ್ರಾವಕನ ನಿವೃತ್ತಿ. ಬನಾರಸೀದಾಸನಿಗೆ ಆ ದಾರಿಯಿರಲಿಲ್ಲ. ಮೂವರು ಮಡದಿಯರಲ್ಲಿ ಹುಟ್ಟಿದ ಏಳು ಗಂಡು, ಎರಡು ಹೆಣ್ಣು ಮಕ್ಕಳಲ್ಲಿ ಒಂದೂ ಉಳಿಯಲಿಲ್ಲ. ಕೊನೆಯ ಮಗ ಸಂವತ್ 1696ರಲ್ಲಿ ಹೋದ; ಕೃತಿ ಮುಗಿದದ್ದು ಅದಾಗಿ ಎರಡೇ ವರ್ಷಕ್ಕೆ. ಎಲೆಯುದುರಿದ ಮರಗಳಂತೆ ಗಂಡಹೆಂಡಿರಿಬ್ಬರೇ ಉಳಿದರೆಂದು ಅವನು ಹೇಳುವಲ್ಲಿ ತತ್ತ್ವದ ಮಾತು ಹತ್ತಿರವೇ ಇದೆ, ಆದರೂ ದುಃಖ ಆರಿಲ್ಲ. ತಾತ ಮೂಲದಾಸ ಸತ್ತಾಗ ಮನೆಯ ಸೊತ್ತನ್ನೆಲ್ಲ ಮೊಗಲ ಅಧಿಕಾರಿ ವಶಪಡಿಸಿಕೊಂಡದ್ದರಿಂದ ಆರಂಭವಾಗುವ ಈ ವಂಶದ ಕಥೆಯನ್ನು ಕೇಳಲು ವಂಶದಲ್ಲಿ ಯಾರೂ ಇರಲಿಲ್ಲ. ಅಜ್ಜಿ ಹಂಚಿದ ಸಿಹಿಯನ್ನು ನೆನೆಯುವವನು ಅವನೊಬ್ಬನೇ. ಕೇಳುವವರಾಗಿ ಒದಗಿದವರು ಆಗ್ರಾದ ಅಧ್ಯಾತ್ಮಗೋಷ್ಠಿಯ ಗೆಳೆಯರು.

ನೀತಿಶಾಸ್ತ್ರ ಗುಟ್ಟಾಗಿಡಬೇಕೆನ್ನುವ ಒಂಬತ್ತು ವಿಷಯಗಳನ್ನು ಅವನೇ ಒಂದೆಡೆ ಎಣಿಸಿದ್ದಾನೆ: ಆಯುಸ್ಸು, ಹಣ, ಮನೆಯ ಹುಳುಕು, ಮಂತ್ರ, ಮೈಥುನ, ಔಷಧ, ದಾನ, ಮಾನ, ಅವಮಾನ. ಇವುಗಳಲ್ಲಿ ಹೆಚ್ಚಿನವನ್ನು ಅವನು ಆಡಿಬಿಟ್ಟಿದ್ದಾನೆಂಬುದು ಓದುಗನಿಗೆ ಹೊಳೆಯದೆ ಇರದು. ಇಷ್ಟಾಗಿಯೂ ತಾನು ಹೇಳಿದ್ದು ಸ್ಥೂಲವೆನ್ನುತ್ತಾನೆ. ಒಂದು ಜೀವ ಒಂದು ದಿನದಲ್ಲಿ ಹಾಯುವ ಅವಸ್ಥೆಗಳನ್ನು ಕೇವಲಿ ಬಲ್ಲನಾದರೂ ಹೇಳಿ ಮುಗಿಸಲಾರನಂತೆ. ಆತ್ಮಕಥೆಯ ಮಿತಿಯನ್ನು ಸರ್ವಜ್ಞತ್ವದ ಪಕ್ಕದಲ್ಲಿಟ್ಟು ಅಳೆದ ಬರೆಹಗಾರ ಬೇರೊಬ್ಬನಿರಲಾರ.

ಕೊನೆಯಲ್ಲಿ ಅವನು ತನ್ನ ಈಗಿನ ಗುಣದೋಷಗಳನ್ನು ಪಟ್ಟಿಮಾಡುತ್ತಾನೆ. ಉತ್ತಮ, ಮಧ್ಯಮ, ಅಧಮರೆಂದು ಮನುಷ್ಯರನ್ನು ವಿಂಗಡಿಸಿ ತನ್ನನ್ನು ಮಧ್ಯಮರ ಸಾಲಿಗೆ ಸೇರಿಸಿಕೊಳ್ಳುತ್ತಾನೆ. ಸಂಸ್ಕೃತ, ಪ್ರಾಕೃತ ಬಲ್ಲೆ, ಕವಿತೆ ಬರುತ್ತದೆ, ಕ್ಷಮೆಯಿದೆ, ಶ್ರದ್ಧೆ ದೃಢವಾಗಿದೆ. ಆದರೆ ಹಣದಾಸೆ ಬಿಟ್ಟಿಲ್ಲ, ಜಪ ತಪ ಸಂಯಮಗಳಿಲ್ಲ, ನಾಲಗೆಗೆ ಹಿಡಿತವಿಲ್ಲ. ಶ್ರದ್ಧೆಯುಂಟು, ವ್ರತವಿಲ್ಲ: ‘ಗೊಮ್ಮಟಸಾರ’ದ ಭಾಷೆಯಲ್ಲಿ ಇದು ನಾಲ್ಕನೆಯ ಮೆಟ್ಟಿಲು, ಅವಿರತ ಸಮ್ಯಗ್ದೃಷ್ಟಿಯದು. ಅವನು ಹಾಗೆಂದು ಹೆಸರಿಸಿಲ್ಲ, ಆದರೆ ಚಿತ್ರ ಹೊಂದುತ್ತದೆ. ಆ ಪಟ್ಟಿಯಲ್ಲಿ ಯಾವ ಶಾಸ್ತ್ರಕ್ಕೂ ಸೇರದ ಎರಡು ವಿವರಗಳಿವೆ. ಯಾರೂ ಇಲ್ಲದ ಹೊತ್ತಿನಲ್ಲಿ ಅವನು ಒಬ್ಬನೇ ಕುಣಿಯುವುದುಂಟು. ಕೆಲವೊಮ್ಮೆ, ಕಾರಣವಿಲ್ಲದೆ, ಇದ್ದಕ್ಕಿದ್ದಂತೆ ಭಯ ಬಂದು ಹಿಡಿಯುವುದುಂಟು.