ಪಿನ್ ನಿಮಗೊಬ್ರಿಗೇ ತಾನೇ ಗೊತ್ತಿರೋದು?

ಡೆಬಿಟ್ ಕಾರ್ಡಿನಿಂದ ದುಡ್ಡು ಹೋಯ್ತು ಅಂತ ಬ್ಯಾಂಕಿಗೆ ಓಡಿದರೆ ಕೌಂಟರಿನಲ್ಲಿ ಮೊದಲು ಎದುರಾಗುತ್ತಿದ್ದ ಪ್ರಶ್ನೆ ಇದು. ಕೇಳೋಕೆ ಸಾದಾ ಪ್ರಶ್ನೆ. ಆದರೆ ಒಳಗೆ ಒಂದು ತೀರ್ಪೇ ಅಡಗಿ ಕೂತಿದೆ. ಪಿನ್ ಗೊತ್ತಿರುವುದು ನಿಮಗೆ, ಅಂದಮೇಲೆ ತೆಗೆದವರೂ ನೀವೇ, ಅಲ್ಲ ಅನ್ನುವುದಾದರೆ ನೀವೇ ಸಾಬೀತು ಮಾಡಿ! ಈ ಪ್ರಶ್ನೆಗೂ ಒಂದು ಚರಿತ್ರೆ ಇರಬೇಕಲ್ಲ ಅನ್ನಿಸಿ ಕೆದಕುತ್ತಾ ಕೂತೆ. ಸಿಕ್ಕಿದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ. ಸ್ವಲ್ಪ ಉದ್ದವಾಯ್ತು, ಸಹಿಸಿಕೊಳ್ಳಿ :)

ಕಾರ್ಡಿಗಿಂತ ಮೊದಲು ಇದ್ದದ್ದು ಸಹಿ. ನಮ್ಮ ಸಹಿಯ ಮಾದರಿ ಬ್ಯಾಂಕಿನಲ್ಲಿರುತ್ತದೆ, ಚೆಕ್ ಬಂದಾಗ ಹೋಲಿಸಿ ನೋಡಿ ದುಡ್ಡು ಕೊಡುತ್ತಾರೆ. ಯಾರೋ ಖೋಟಾ ಸಹಿ ಹಾಕಿ ದುಡ್ಡು ಹೊಡೆದರೆ ನಷ್ಟ ಯಾರದ್ದು? 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ನಮ್ಮ ಕೆನರಾ ಬ್ಯಾಂಕೇ ಇದನ್ನು ಸುಪ್ರೀಂ ಕೋರ್ಟಿನವರೆಗೂ ಒಯ್ದಿತ್ತು. ಎದುರು ಪಕ್ಷ ಕೆನರಾ ಸೇಲ್ಸ್ ಕಾರ್ಪೊರೇಷನ್. ಆ ಕಂಪನಿಯ ಲೆಕ್ಕ ಬರೆಯುತ್ತಿದ್ದವನೇ ಮ್ಯಾನೇಜಿಂಗ್ ಡೈರೆಕ್ಟರರ ಸಹಿ ನಕಲು ಮಾಡಿ, 42 ಚೆಕ್‌ಗಳಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಎತ್ತಿದ್ದ. ವರ್ಷಗಟ್ಟಲೆ ಪಾಸ್‌ಬುಕ್ ಸರಿಯಾಗಿ ನೋಡದೆ ಸುಮ್ಮನಿದ್ದದ್ದು ಗ್ರಾಹಕರ ತಪ್ಪು ಅಂತ ಬ್ಯಾಂಕಿನ ವಾದ. ಕೋರ್ಟು ಒಪ್ಪಲಿಲ್ಲ. ಖೋಟಾ ಸಹಿಯ ಚೆಕ್ಕು ಗ್ರಾಹಕನ ಅಪ್ಪಣೆಯೇ ಅಲ್ಲ, ಆದ್ದರಿಂದ ನಷ್ಟ ಬ್ಯಾಂಕಿನದು ಅಂತ 1987ರಲ್ಲಿ ಹೇಳಿತು.

ತಮಾಷೆ ನೋಡಿ, ಅದೇ 1987ರಲ್ಲಿ ಎಚ್‌ಎಸ್‌ಬಿಸಿ ಮುಂಬಯಿಯಲ್ಲಿ ದೇಶದ ಮೊದಲ ಎ.ಟಿ.ಎಂ. ಇಟ್ಟಿತು. ಸಹಿಯ ಗೊಡವೆಯೇ ಇಲ್ಲದ ಯಂತ್ರ. ಸಹಿಯನ್ನಾದರೆ ಮಾದರಿಯ ಪಕ್ಕ ಇಟ್ಟು ಹೋಲಿಸಬಹುದು. ನಾಲ್ಕು ಅಂಕಿಗಳನ್ನು ನಾನು ಒತ್ತಿದರೂ ಒಂದೇ, ಕಳ್ಳ ಒತ್ತಿದರೂ ಒಂದೇ. ಹಾಗಾಗಿ ಸಾಬೀತು ಮಾಡುವ ಹೊರೆ ಸದ್ದಿಲ್ಲದೆ ಕೌಂಟರಿನ ಆ ಕಡೆಯಿಂದ ಈ ಕಡೆಗೆ ದಾಟಿಬಿಟ್ಟಿತು.

ಅಮೆರಿಕದವರು ಈ ಅಪಾಯವನ್ನು ಬೇಗ ಗುರುತಿಸಿದ್ದರು. 1978ರಲ್ಲೇ ಕಾನೂನು ಮಾಡಿ ಆ ಹೊರೆಯನ್ನು ಬ್ಯಾಂಕಿನ ತಲೆಗೆ ಕಟ್ಟಿದರು. 1980ರಲ್ಲಿ ನ್ಯೂಯಾರ್ಕಿನ ಒಂದು ಮೊಕದ್ದಮೆಯಲ್ಲಿ ಹೆಂಗಸೊಬ್ಬರ ಖಾತೆಯಿಂದ 800 ಡಾಲರ್ ಹೋಗಿತ್ತು. ದುಡ್ಡು ತೆಗೆದ ಹೊತ್ತಿಗೆ ತಾನು ಕೆಲಸದಲ್ಲಿದ್ದೆ ಅಂತ ಆಕೆ, ನಮ್ಮ ಕಂಪ್ಯೂಟರಿನ ದಾಖಲೆ ಸುಳ್ಳಾಗಲ್ಲ ಅಂತ ಸಿಟಿಬ್ಯಾಂಕ್. ನ್ಯಾಯಾಧೀಶರು ಯಂತ್ರದ ಮಾತು ಬಿಟ್ಟು ಮನುಷ್ಯರ ಮಾತು ನಂಬಿದರು. ನಮ್ಮಲ್ಲಿ ನೋಡಿ, 2011ರಲ್ಲೂ ರಾಷ್ಟ್ರೀಯ ಗ್ರಾಹಕ ಆಯೋಗ ಕಾರ್ಡು ಮತ್ತು ಪಿನ್ ಇಲ್ಲದೆ ದುಡ್ಡು ತೆಗೆಯಲು ಸಾಧ್ಯವೇ ಇಲ್ಲ ಎಂಬ ನಿಲುವು ತಳೆದು ಬ್ಯಾಂಕಿನ ಪರ ಆದೇಶ ಕೊಟ್ಟಿತ್ತು.

ಅದರ ಮರುವರ್ಷವೇ ನಮ್ಮ ಬಸವೇಶ್ವರನಗರದ ಬೀದಿಯ ನಿವೃತ್ತ ಮೇಷ್ಟ್ರೊಬ್ಬರಿಗೆ ಈ ಬಿಸಿ ತಟ್ಟಿತು. ತಿಂಗಳ ಕೊನೆಗೆ ಪಾಸ್‌ಬುಕ್ ಎಂಟ್ರಿ ಹಾಕಿಸಿದಾಗ ದೆಹಲಿಯಲ್ಲಿ ಮೂರು ಸಲ ಹತ್ತತ್ತು ಸಾವಿರ ತೆಗೆದದ್ದು ಗೊತ್ತಾಯಿತು. ಪಿಂಚಣಿಯ ದುಡ್ಡು! ಮೇಷ್ಟ್ರು ಆ ತಿಂಗಳು ಕೆಂಗೇರಿ ದಾಟಿದವರಲ್ಲ, ಕಾರ್ಡು ಜೇಬಿನಲ್ಲೇ ಇತ್ತು. ಜೊತೆಗೆ ನಾನೂ ಬ್ಯಾಂಕಿಗೆ ಹೋಗಿದ್ದೆ. "ಕಾರ್ಡ್ ನಿಮ್ಮತ್ರಾನೇ ಇದೆ ಅಂತೀರ, ಪಿನ್ ಯಾರಿಗೂ ಹೇಳಿಲ್ಲ ಅಂತೀರ, ಮತ್ತೆ ತೆಗೆದೋರು ಯಾರು ಸಾರ್?" ಅಂದರು ಕೌಂಟರಿನವರು. ಮೂವತ್ತು ವರ್ಷ ಹುಡುಗರನ್ನು ಪ್ರಶ್ನೆ ಕೇಳಿದ್ದ ಮೇಷ್ಟ್ರು ಸುಮ್ಮನೆ ನಿಂತಿದ್ದರು. ಎಂಟು ತಿಂಗಳು ಅಲೆದರೂ ದುಡ್ಡು ಬರಲಿಲ್ಲ. ಆಮೇಲೆ ಅವರು ಕಾರ್ಡನ್ನು ಕತ್ತರಿಯಲ್ಲಿ ಎರಡು ತುಂಡು ಮಾಡಿ, ಪ್ರತಿ ತಿಂಗಳು ವಿತ್‌ಡ್ರಾಯಲ್ ಸ್ಲಿಪ್ ಹಿಡಿದು ಕ್ಯೂ ನಿಲ್ಲೋಕೆ ಶುರು ಮಾಡಿದರು. "ಸಹಿಯಾದ್ರೆ ಅವರೇ ನೋಡ್ಬೇಕಲ್ಲಪ್ಪಾ" ಅನ್ನುತ್ತಿದ್ದರು. 1987ರ ತೀರ್ಪು ಅವರು ಓದಿರಲಿಕ್ಕಿಲ್ಲ, ಆದರೆ ತಿರುಳು ಸರಿಯಾಗಿ ಹಿಡಿದಿದ್ದರು.

ಉತ್ತರ ಇದ್ದದ್ದು ಕಾರ್ಡಿನ ಹಿಂಬದಿಯ ಕಪ್ಪು ಪಟ್ಟಿಯಲ್ಲಿ. ನಮ್ಮ ಹಳೇ ಕ್ಯಾಸೆಟ್ ಟೇಪಿನ ಸಂಬಂಧಿ ಅದು. ಟೇಪಿನ ಹಾಡು ನಕಲಾದ ಹಾಗೇ ಪಟ್ಟಿಯೂ ನಕಲಾಗುತ್ತದೆ. ಕಾರ್ಡು ತೂರಿಸುವ ಬಾಯಿಗೆ ಓದುವ ಸಾಧನ ಅಂಟಿಸಿ, ಕೀಲಿಗಳ ಮೇಲೆ ಚಿಕ್ಕ ಕ್ಯಾಮರಾ ಇಟ್ಟರೆ ಮುಗೀತು, ಅಸಲಿ ಕಾರ್ಡು ಜೇಬಲ್ಲಿರುವಾಗಲೇ ಅದರ ಅವಳಿ ದೆಹಲಿಯಲ್ಲಿ ಓಡಾಡುತ್ತದೆ. ನಕಲು ಮಾಡಲು ಕಷ್ಟವಾದ ಚಿಪ್ ಕಾರ್ಡನ್ನೇ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದ್ದು 2015ರಲ್ಲಿ, ಹಳೆಯವನ್ನು ಬದಲಿಸಲು ಕೊಟ್ಟ ಗಡುವು 2018ರ ಡಿಸೆಂಬರ್ 31.

ಅಷ್ಟರಲ್ಲಿ 2016 ಬಂತು. ಹಿಟಾಚಿ ಪೇಮೆಂಟ್ ಸರ್ವಿಸಸ್ ಎಂಬ ಕಂಪನಿಯ ವ್ಯವಸ್ಥೆಯೊಳಗೆ ಕುತಂತ್ರಾಂಶ ಹೊಕ್ಕು, ಸುಮಾರು 32 ಲಕ್ಷ ಡೆಬಿಟ್ ಕಾರ್ಡುಗಳು ಅಪಾಯಕ್ಕೆ ಸಿಕ್ಕವು. ತನಿಖೆ ಮಾಡಿದ್ದು ನಮ್ಮ ಬೆಂಗಳೂರಿನದೇ ಸಿಸಾ ಎಂಬ ಸಂಸ್ಥೆ. 641 ಗ್ರಾಹಕರಿಂದ 1.3 ಕೋಟಿ ರೂಪಾಯಿ ಹೋಯಿತೆಂದು ಆಗ ಲೆಕ್ಕ ಕೊಟ್ಟರು. ಮೊತ್ತ ದೊಡ್ಡದೇನಲ್ಲ. ಆದರೆ ಪಿನ್ನು ಜನರ ಕೈಯಿಂದಲ್ಲ, ಯಂತ್ರದ ಹಿಂಬಾಗಿಲಿನಿಂದಲೂ ಸೋರಬಹುದು ಅಂತ ಎಲ್ಲರಿಗೂ ಒಂದೇ ಸಲ ಕಂಡುಬಿಟ್ಟಿತು. ಇನ್ನು "ನಿಮಗೊಬ್ರಿಗೇ" ಅನ್ನೋದು ಹೇಗೆ?

2017ರ ಜುಲೈ 6ರಂದು ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆ ಆಟವನ್ನೇ ತಿರುಗಿಸಿತು. ತಪ್ಪು ಬ್ಯಾಂಕಿನದೂ ಅಲ್ಲದೆ ಗ್ರಾಹಕನದೂ ಅಲ್ಲದೆ ನಡುವೆ ಎಲ್ಲೋ ಆಗಿದ್ದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟ ಸೊನ್ನೆ. ನಾಲ್ಕರಿಂದ ಏಳು ದಿನವಾದರೆ ಸಾಮಾನ್ಯ ಉಳಿತಾಯ ಖಾತೆಯವರ ಹೊರೆ ಹೆಚ್ಚೆಂದರೆ 10,000 ರೂಪಾಯಿ. ಹೋದ ದುಡ್ಡನ್ನು ಹತ್ತು ಕೆಲಸದ ದಿನಗಳಲ್ಲಿ ತಾತ್ಕಾಲಿಕವಾಗಿ ಖಾತೆಗೆ ಹಾಕಬೇಕು, 90 ದಿನಗಳಲ್ಲಿ ಇತ್ಯರ್ಥ ಮಾಡಬೇಕು. ಎಲ್ಲಕ್ಕಿಂತ ಮುಖ್ಯ, ತಪ್ಪು ಗ್ರಾಹಕನದೆಂದು ಸಾಬೀತು ಮಾಡಬೇಕಾದ್ದು ಬ್ಯಾಂಕು.

ಇಷ್ಟಾದರೂ ಹಳೇ ಪ್ರಶ್ನೆ ಸುಲಭಕ್ಕೆ ಸಾಯಲಿಲ್ಲ. ಮಾರತ್‌ಹಳ್ಳಿಯ ಬಾಣಂತಿಯೊಬ್ಬರು 2013ರ ನವೆಂಬರಿನಲ್ಲಿ ಗಂಡನ ಕೈಗೆ ಕಾರ್ಡು, ಪಿನ್ ಕೊಟ್ಟು ಕಳಿಸಿದ್ದರು. ಸ್ಟೇಟ್ ಬ್ಯಾಂಕಿನ ಯಂತ್ರದಿಂದ 25,000ದ ಚೀಟಿ ಬಂತು, ದುಡ್ಡು ಬರಲಿಲ್ಲ. ಯಂತ್ರದಲ್ಲಿ ದುಡ್ಡು ಹೆಚ್ಚಿಗೆ ಉಳಿದಿದ್ದಕ್ಕೆ ಮಾಹಿತಿ ಹಕ್ಕಿನಲ್ಲಿ ದಾಖಲೆಯನ್ನೂ ತಂದರು. 2018ರ ಮೇನಲ್ಲಿ ಬೆಂಗಳೂರಿನ ಗ್ರಾಹಕ ವೇದಿಕೆ ದೂರು ವಜಾ ಮಾಡಿತು, ಪಿನ್ ಗಂಡನಿಗೆ ಹೇಳಿದ್ದೇ ತಪ್ಪಂತೆ! ಬಾಣಂತಿ ಎದ್ದು ಎ.ಟಿ.ಎಂ. ಕ್ಯೂನಲ್ಲಿ ನಿಲ್ಲಬೇಕಿತ್ತೇನೋ. ನಿಯಮ ಹಾಗಿದೆ ಅನ್ನಬಹುದು, ನನಗಂತೂ ನ್ಯಾಯ ಅನ್ನಿಸಲಿಲ್ಲ.

2019ರಲ್ಲಿ ಕೇರಳ ಹೈಕೋರ್ಟಿನಲ್ಲಿ ಬ್ಯಾಂಕಿನವರ ವಾದ ಕೇಳಿ: ನಾವು ಎಸ್ಸೆಮ್ಮೆಸ್ ಕಳಿಸಿದ್ದೆವು, ಗ್ರಾಹಕರು ತಕ್ಷಣ ಎಚ್ಚೆತ್ತುಕೊಳ್ಳಲಿಲ್ಲ. ಎಲ್ಲೋ ಕೇಳಿದ ಹಾಗಿದೆಯಲ್ವಾ? ಪಾಸ್‌ಬುಕ್ ನೋಡಲಿಲ್ಲ ಅನ್ನುವ ಹಳೇ ವಾದವೇ ಹೊಸ ಅಂಗಿ ತೊಟ್ಟು ಬಂದಿತ್ತು. ಕೋರ್ಟು ಅದನ್ನು ಒಪ್ಪಲಿಲ್ಲ. 2025ರ ಜನವರಿ 3ರಂದು ಸುಪ್ರೀಂ ಕೋರ್ಟು ಅಸ್ಸಾಮಿನ ಗ್ರಾಹಕರೊಬ್ಬರ 94,204 ರೂಪಾಯಿಯನ್ನು ಬ್ಯಾಂಕೇ ಭರಿಸಬೇಕೆಂಬ ಆದೇಶ ಎತ್ತಿಹಿಡಿದಾಗ ಆಧಾರವಾಗಿದ್ದು ಇದೇ 2017ರ ಸುತ್ತೋಲೆ.

ಸುತ್ತೋಲೆಯಲ್ಲಿ ಒಂದು ತೂತೂ ಇದೆ. ಫೋನಿನಲ್ಲಿ ಯಾರೋ ಕೇಳಿದರೆಂದು ಓಟಿಪಿ ನೀವೇ ಹೇಳಿಬಿಟ್ಟರೆ, ಬ್ಯಾಂಕಿಗೆ ತಿಳಿಸುವ ತನಕ ಹೋದದ್ದೆಲ್ಲ ನಿಮ್ಮ ಲೆಕ್ಕಕ್ಕೆ, ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನ ಲೆಕ್ಕಕ್ಕೆ. ಹಾಗಾಗಿ ದೂರು ಕೊಟ್ಟ ಹೊತ್ತಿಗೇ ಬೆಲೆ. ಮೊದಲು ಬ್ಯಾಂಕಿಗೆ ಫೋನು, ಆಮೇಲೆ 1930ಕ್ಕೆ. ದೂರಿನ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಅಂದ ಹಾಗೆ, ಆ ಮೂರು ದಿನದ ಲೆಕ್ಕದಲ್ಲಿ ಬ್ಯಾಂಕಿನಿಂದ ಸಂದೇಶ ಬಂದ ದಿನ ಸೇರುವುದಿಲ್ಲ, ನಿಮ್ಮ ಶಾಖೆಗೆ ರಜೆ ಇದ್ದ ದಿನವೂ ಸೇರುವುದಿಲ್ಲ.