ಗೇರ್ ಪೆಟ್ಟಿಗೆಯ ಎಣ್ಣೆ ತಟ್ಟೆಗೆ ಡ್ರೈನ್ ಪ್ಲಗ್ ಅಳವಡಿಕೆ

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ರೈತರು ಬಳಸುವ ಟ್ರ್ಯಾಕ್ಟರ್ ಹಾಗೂ ಮ್ಯಾನುಯಲ್ ಗೇರಿನ ಸರಕು ವಾಹನಗಳಲ್ಲಿ ಡ್ರೈನ್ ಪ್ಲಗ್ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಎರಕದ ಪೆಟ್ಟಿಗೆಗೆ ಹೊಸ ರಂಧ್ರ ಕೊರೆಯಬಾರದು. ಆಟೊಮ್ಯಾಟಿಕ್ ಗೇರಿನ ಕೆಲವು ವಾಹನಗಳ ತಗಡಿನ ಎಣ್ಣೆ ತಟ್ಟೆಗೆ ಮಾತ್ರ ಪ್ಲಗ್ ಇರುವುದಿಲ್ಲ. ತುಂಬಿದ ತಟ್ಟೆಯನ್ನೇ ಇಳಿಸಬೇಕಾಗಿ ಎಣ್ಣೆ ನೆಲಕ್ಕೆ ಚೆಲ್ಲುತ್ತದೆ.

ಇಂತಹ ತಟ್ಟೆಯನ್ನು ಬಿಚ್ಚಿ ಹೊರತೆಗೆದ ನಂತರವೇ ಕೊರೆಯತಕ್ಕದ್ದು. ವಾಹನದಲ್ಲಿರುವಾಗಲೇ ಕೊರೆದರೆ ಲೋಹದ ಚೂರು ಒಳಸೇರಿ ಕವಾಟಗಳು ಕೆಡುತ್ತವೆ. ಜಾಗದ ಆಯ್ಕೆಯೇ ಇಲ್ಲಿ ಮುಖ್ಯ: ಒಳಗಿನ ನಟ್ಟು ಫಿಲ್ಟರಿಗೆ ತಾಗಬಾರದು, ಹೊರಗಿನ ತಲೆ ಹೊಲದ ದಾರಿಯ ಕಲ್ಲಿಗೆ ಬಡಿಯಬಾರದು. ನಟ್ಟದ ನಡುತಳಕ್ಕಿಂತ ಹಿಂಬದಿ ಗೋಡೆಯ ಬುಡ ಲೇಸು. ಬೆಸುಗೆಯ ಶಾಖಕ್ಕೆ ಅಂಚು ಸೊಟ್ಟಗಾದರೆ ಹೊಸ ಗ್ಯಾಸ್ಕೆಟ್ ಹಾಕಿದರೂ ಸೋರಿಕೆ ನಿಲ್ಲದು. ವಾರಂಟಿ ಅವಧಿಯಲ್ಲಿ ಈ ಕೆಲಸ ಬೇಡ.

ಪ್ಲಗ್ ಇದ್ದರೂ ಫಿಲ್ಟರ್ ಬದಲಿಸಲು ತಟ್ಟೆ ಇಳಿಸಲೇಬೇಕು. ಟಾರ್ಕ್ ಕನ್ವರ್ಟರಿನ ಎಣ್ಣೆ ಒಳಗೇ ಉಳಿಯುವುದರಿಂದ, ಹೊರಬಂದದ್ದನ್ನು ಅಳೆದು ಅಷ್ಟೇ ಪ್ರಮಾಣದಲ್ಲಿ, ತಯಾರಕರು ಸೂಚಿಸಿದ ಎಣ್ಣೆಯನ್ನು ತುಂಬಿ ಮಟ್ಟ ಪರೀಕ್ಷಿಸಬೇಕು.

ವರ್ಷವಿಡೀ ಹರಿಯುವ ನದಿಯಿಲ್ಲದೆ ಕೊಳವೆಬಾವಿಯನ್ನೇ ನಂಬಿರುವ ಈ ಸೀಮೆಯಲ್ಲಿ ಹಳೆಯ ಎಣ್ಣೆಯನ್ನು ಮಣ್ಣಿಗೆ, ಕೆರೆಯಂಗಳಕ್ಕೆ ಸುರಿಯಬಾರದು. ಮುಚ್ಚಳವಿರುವ ಡಬ್ಬಿಯಲ್ಲಿ ಶೇಖರಿಸಿ ಅಧಿಕೃತ ಸಂಗ್ರಹಕಾರರಿಗೆ ಒಪ್ಪಿಸತಕ್ಕದ್ದು.